ಅಪ್ಪ ಒಂದು ರಾಜ್ಯ, ಅಮ್ಮ ಒಂದು ರಾಜ್ಯ: ಮಗುವಿನ ಜೀವನಾಂಶ, ಸುಪರ್ದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೆಳಗಾವಿ ಕಡೆಯವರಿಗೆ ಕೊಲ್ಹಾಪುರ, ಸಾಂಗ್ಲಿ, ಗೋವಾ ಬೇರೆ ರಾಜ್ಯ ಅಂತ ಅನಿಸುವುದೇ ಇಲ್ಲ. ಹೆಣ್ಣು ಕೊಡುವುದು, ತರುವುದು ತಲೆಮಾರುಗಳಿಂದ ನಡೆದು ಬಂದಿದೆ. ಕಲಬುರಗಿಯವರಿಗೆ ಸೊಲ್ಲಾಪುರ, ಬಳ್ಳಾರಿಯವರಿಗೆ ಅನಂತಪುರ, ಮಂಗಳೂರಿನವರಿಗೆ ಕಾಸರಗೋಡು ಹೀಗೇ ಹತ್ತಿರ. ಈಗ ಬೆಂಗಳೂರು, ಪುಣೆ, ಹೈದರಾಬಾದ್ ನಡುವೆ ಕೆಲಸಕ್ಕಾಗಿ ಓಡಾಡುವ ಸಂಸಾರಗಳೂ ಸೇರಿಕೊಂಡಿವೆ. ಮನೆ ಒಂದಾಗಿರುವವರೆಗೆ ಗಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವನ್ನು ನೋಡಲು, ಮಗುವಿನ ಖರ್ಚಿಗೆ ಹಣ ಕೇಳಲು ಅದೇ ಗಡಿ ಅಡ್ಡ ಬರುತ್ತದೆ.

ನಾನು ವಕೀಲೆ ಅಲ್ಲ. ಕಾನೂನು ನೆರವಿನ ಕೆಲಸದಲ್ಲಿ ಸ್ವಯಂಸೇವಕಿಯಾಗಿ ಕೂತು ಜಾಸ್ತಿ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕೇಸಿನ ವಿವರ ಬೇರೆ ಇರಬಹುದು, ಹಾಗಾಗಿ ಹೆಜ್ಜೆ ಇಡುವ ಮುಂಚೆ ವಕೀಲರ ಹತ್ತಿರ ಒಮ್ಮೆ ಮಾತಾಡಿ.

ಕೇಸು ನನ್ನ ಊರಲ್ಲಿ ಹಾಕಬೇಕಾ, ಅವರ ಊರಲ್ಲಾ?

ನೀವು ಏನು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ಇದು ನಿಂತಿದೆ. ಸುಪರ್ದಿಗೆ ಒಂದು ಲೆಕ್ಕ, ಹಣಕ್ಕೆ ಇನ್ನೊಂದು.

ಸುಪರ್ದಿ, ಅಂದರೆ ಮಗು ಯಾರ ಹತ್ತಿರ ಇರಬೇಕು ಅನ್ನುವ ಕೇಸು, ಮಗು ಸಾಮಾನ್ಯವಾಗಿ ವಾಸ ಮಾಡುವ ಊರಿನ ಕೋರ್ಟಿಗೆ ಹೋಗಬೇಕು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಂ ಹಾಗೆ ಹೇಳುತ್ತದೆ. ಅಪ್ಪ ಎಲ್ಲಿದ್ದಾರೆ, ಅಮ್ಮ ಎಲ್ಲಿದ್ದಾರೆ, ಮದುವೆ ಎಲ್ಲಾಯಿತು ಅನ್ನುವುದು ಇಲ್ಲಿ ಮುಖ್ಯವಲ್ಲ. ಫ್ಯಾಮಿಲಿ ಕೋರ್ಟ್ ಇರುವ ಊರಲ್ಲಿ ಅಲ್ಲೇ ಅರ್ಜಿ ಹಾಕುತ್ತಾರೆ. ಈಗಾಗಲೇ ವಿಚ್ಛೇದನದ ಕೇಸು ನಡೆಯುತ್ತಿದ್ದರೆ, ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ಅದೇ ಕೋರ್ಟಿನಲ್ಲಿ ಮಗುವಿನ ವಿಷಯವನ್ನೂ ಕೇಳಬಹುದು.

ಜೀವನಾಂಶಕ್ಕೆ ದಾರಿ ಅಗಲವಾಗಿದೆ. ಎಲ್ಲರೂ 'ಒನ್ ಟ್ವೆಂಟಿ ಫೈವ್' ಅನ್ನುತ್ತಿದ್ದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಈ ಹೊಸ ಸಂಹಿತೆಯ ಪ್ರಕಾರ ಗಂಡ ಇರುವ ಊರಲ್ಲೂ ಅರ್ಜಿ ಹಾಕಬಹುದು, ಹೆಂಡತಿ ಈಗ ಇರುವ ಊರಲ್ಲೂ ಹಾಕಬಹುದು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರಲ್ಲೂ ಹಾಕಬಹುದು. ತವರಿಗೆ ಬಂದು ಕೂತ ಹೆಣ್ಣುಮಗಳು ಪುಣೆಗೆ ಓಡಬೇಕಿಲ್ಲ. ಮನೆಯಲ್ಲಿ ಹಿಂಸೆ ಇದ್ದಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇನ್ನೂ ಅನುಕೂಲ. ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಹತ್ತಿರವೂ ಹೋಗಬಹುದು. ಅಲ್ಲಿ ಮಗುವಿನ ಖರ್ಚು, ತಾತ್ಕಾಲಿಕ ಸುಪರ್ದಿ ಎರಡನ್ನೂ ಕೇಳಬಹುದು. ಆ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ.

ಹೋದ ತಿಂಗಳು ಮಗುವನ್ನು ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೆ ಸೇರಿಸಿದ್ದಾರೆ. ಈಗ ಮಗುವಿನ ವಾಸ ಅಲ್ಲೇ ಅಂತ ಆಗುತ್ತದಾ?

ರಾತ್ರೋರಾತ್ರಿ ಆಗುವುದಿಲ್ಲ. ಮಗು ಇಷ್ಟು ವರ್ಷ ಎಲ್ಲಿ ಬೆಳೆಯಿತು, ಯಾವ ಶಾಲೆ, ಯಾರ ಜೊತೆ, ಹೋದದ್ದು ಒಪ್ಪಿಗೆಯಿಂದಲೋ ಹೇಳದೆ ಕೇಳದೆಯೋ ಅಂತ ಕೋರ್ಟ್ ನೋಡುತ್ತದೆ. ಇದು ಸಾಕ್ಷ್ಯ ನೋಡಿ ತೀರ್ಮಾನಿಸುವ ವಿಷಯ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಆದರೆ ದಯವಿಟ್ಟು ಕಾಯುತ್ತಾ ಕೂರಬೇಡಿ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. 'ಹಿರಿಯರು ಕೂತು ಮಾತಾಡ್ತಾರೆ, ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ' ಅಂತ ಒಂದೂವರೆ ವರ್ಷ ಕಳೆದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಮಗು ಹೊಸ ಊರಿಗೆ ಹೊಂದಿಕೊಂಡಿರುತ್ತದೆ. ಆಗ ಅದನ್ನು ಮತ್ತೆ ಕಿತ್ತು ತರಲು ಯಾವ ನ್ಯಾಯಾಧೀಶರಿಗೂ ಮನಸ್ಸು ಬರುವುದಿಲ್ಲ. ಮಾತುಕತೆ ನಡೆಯಲಿ, ಅರ್ಜಿಯೂ ಇರಲಿ.

ಪೊಲೀಸರು 'ಇದು ಮನೆ ವಿಷಯ' ಅಂತ ಕಳಿಸಿಬಿಟ್ಟರು. ಅಪ್ಪನೇ ಮಗುವನ್ನು ಎತ್ತಿಕೊಂಡು ಹೋದರೆ ಅದು ಅಪಹರಣ ಅಲ್ವಾ?

ಕೋರ್ಟಿನ ಆದೇಶ ಇಲ್ಲದಿದ್ದಾಗ, ಹೆತ್ತ ಅಪ್ಪ ಅಥವಾ ಅಮ್ಮ ಮಗುವನ್ನು ಕರೆದುಕೊಂಡು ಹೋದರೆ ಅದನ್ನು ಸಾಮಾನ್ಯವಾಗಿ ಅಪಹರಣ ಅಂತ ನೋಡುವುದಿಲ್ಲ. ಪೊಲೀಸರು ಹಿಂಜರಿಯುವುದು ಅದಕ್ಕೇ. ಆದರೂ ಒಂದು ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಯಾವ ದಿನ, ಯಾವ ಪರಿಸ್ಥಿತಿಯಲ್ಲಿ ಮಗು ಹೋಯಿತು ಅನ್ನುವುದಕ್ಕೆ ಮುಂದೆ ಆ ಕಾಗದವೇ ಸಾಕ್ಷಿ.

ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ದಾರಿ ಇದೆ. ಮಗುವನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವುದು ಅದು. ಆದರೆ ಎಲ್ಲ ಜಗಳಕ್ಕೂ ಅದು ಮದ್ದಲ್ಲ. ಮಗುವನ್ನು ಇಟ್ಟುಕೊಂಡವರಿಗೆ ಹಾಗೆ ಇಟ್ಟುಕೊಳ್ಳಲು ಕಾನೂನಿನ ಹಕ್ಕಿಲ್ಲ ಅನ್ನುವುದು ಕಾಣಬೇಕು. ವಿವರವಾದ ವಿಚಾರಣೆ ಬೇಕಾದ ಕಡೆ ಫ್ಯಾಮಿಲಿ ಕೋರ್ಟಿಗೇ ಹೋಗಿ ಅನ್ನುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹಾಲು ಕುಡಿಯುವ ಕೂಸನ್ನು ತಾಯಿಯಿಂದ ಬೇರೆ ಮಾಡಿದ್ದರೆ, ಅಥವಾ ಇರುವ ಆದೇಶವನ್ನು ಮುರಿದು ಮಗುವನ್ನು ಕರೆದುಕೊಂಡು ಹೋಗಿದ್ದರೆ ಈ ದಾರಿ ಗಟ್ಟಿ. ಬೆಳಗಾವಿ, ಧಾರವಾಡ, ಬಳ್ಳಾರಿ ಕಡೆಯವರು ಬೆಂಗಳೂರಿಗೆ ಹೋಗಬೇಕಿಲ್ಲ, ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ. ಮಗು ಬೇರೆ ರಾಜ್ಯದಲ್ಲಿದ್ದರೆ ಆ ರಾಜ್ಯದ ಹೈಕೋರ್ಟೇ ವಾಸಿಯಾ ಅಂತ ವಕೀಲರನ್ನು ಕೇಳಿ.

ಇನ್ನೊಂದು ಮಾತು. ಅವರು ಎತ್ತಿಕೊಂಡು ಹೋದರು ಅಂತ ನೀವೂ ಶಾಲೆ ಗೇಟಿನಿಂದ ಎತ್ತಿಕೊಂಡು ಬರಬೇಡಿ. ನಿಮ್ಮ ಕೇಸು ಹಾಳಾಗುತ್ತದೆ ಅನ್ನುವುದು ಆಮೇಲಿನ ಮಾತು. ಎರಡು ಸಲ ಕಿತ್ತುಕೊಂಡ ಮಗು ರಾತ್ರಿ ನಿದ್ದೆಯಲ್ಲಿ ಬೆಚ್ಚುತ್ತದೆ.

ಐದು ವರ್ಷದ ಒಳಗಿನ ಮಗು ಅಮ್ಮನ ಹತ್ತಿರವೇ ಇರಬೇಕಾ?

ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ, 1956ರ 6ನೇ ಕಲಂ 'ಸಾಮಾನ್ಯವಾಗಿ ತಾಯಿಯ ಬಳಿ' ಅನ್ನುತ್ತದೆ. ಬೇರೆ ರೀತಿ ಆಗಬೇಕಾದರೆ ಅಪ್ಪ ಬಲವಾದ ಕಾರಣ ತೋರಿಸಬೇಕು. ಐದು ತುಂಬಿದ ಮರುದಿನ ಮಗು ತಾನಾಗಿಯೇ ಅಪ್ಪನಿಗೆ ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಯಾವ ವಯಸ್ಸಿನಲ್ಲೂ ಕೊನೆಗೆ ನೋಡುವುದು ಮಗುವಿನ ಹಿತ.

ಅವರು ಪುಣೆಯಲ್ಲಿ ಕೇಸು ಹಾಕಿದ್ದಾರೆ. ಪ್ರತಿ ತಾರೀಖಿಗೂ ನಾನು ಹೋಗಬೇಕಾ?

ಮೊದಲು ಒಂದು ಎಚ್ಚರಿಕೆ. ಸಮನ್ಸ್ ಬಂದಾಗ ಬಾಗಿಲು ಹಾಕಿಕೊಂಡು ಕೂರಬೇಡಿ. ನೀವು ಹೋಗದಿದ್ದರೆ ಏಕಪಕ್ಷೀಯವಾಗಿ ಆದೇಶ ಆಗಿಬಿಡುತ್ತದೆ. ಜೀವನಾಂಶದ ಏಕಪಕ್ಷೀಯ ಆದೇಶ ತೆಗೆಸಲು ಮೂರು ತಿಂಗಳಷ್ಟೇ ಸಮಯ ಇರುತ್ತದೆ, ಅದಕ್ಕೂ ಸರಿಯಾದ ಕಾರಣ ಕೊಡಬೇಕು.

ಕೇಸನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ತರಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಕೆಳಗೆ ವರ್ಗಾವಣೆ ಅರ್ಜಿ ಹಾಕಬೇಕು. ರಾಜ್ಯದೊಳಗೇ, ಉದಾಹರಣೆಗೆ ಬೆಂಗಳೂರಿನಿಂದ ಬೆಳಗಾವಿಗೆ ಆದರೆ, ನಮ್ಮ ಹೈಕೋರ್ಟ್ ಸಾಕು. ಚಿಕ್ಕ ಮಗು ಇದೆ, ಜೊತೆಗೆ ಬರುವವರಿಲ್ಲ, ಸಂಪಾದನೆ ಇಲ್ಲ, ಇಲ್ಲೂ ಒಂದು ಕೇಸು ನಡೆಯುತ್ತಿದೆ, ಇಂಥ ಕಾರಣಗಳಿಗೆ ಅಲ್ಲಿ ಬೆಲೆ ಇದೆ. ಹೆಂಡತಿಯ ಅನುಕೂಲವನ್ನು ಬಹಳ ಸಲ ಮುಂದಿಟ್ಟು ನೋಡಿದ್ದಾರೆ. ಆದರೆ ಹೆಂಗಸು ಅರ್ಜಿ ಹಾಕಿದ ಮಾತ್ರಕ್ಕೆ ವರ್ಗವಾಗುತ್ತದೆ ಅಂತ ಭಾವಿಸಬೇಡಿ.

ದೆಹಲಿ ಅಂದ ಕೂಡಲೇ ಜನ ಕೈಚೆಲ್ಲುತ್ತಾರೆ. ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕವೇ ಅರ್ಜಿ ಕಳಿಸಬಹುದು. ಅಲ್ಲಿಯವರೆಗೆ ಸಾಮಾನ್ಯ ತಾರೀಖುಗಳಿಗೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಿ, ಪ್ರಯಾಣದ ಖರ್ಚನ್ನು ಕೇಸು ಹಾಕಿದವರಿಂದ ಕೊಡಿಸಿ ಅಂತಲೂ ಕೇಳಿ. ನಿಮ್ಮ ದಾಖಲೆಗಳು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಎಷ್ಟೋ ತಾರೀಖು ಇದೊಂದಕ್ಕೇ ಹೋಗುತ್ತವೆ.

ಮಗುವಿಗೆ ಎಷ್ಟು ಜೀವನಾಂಶ ಸಿಗುತ್ತದೆ? ಸಂಬಳದ ಶೇ 25 ಅಂತಾರಲ್ಲ?

ಮಕ್ಕಳಿಗೆ ಅಂಥ ಸೂತ್ರ ಇಲ್ಲ. ಶೇ 25 ಅನ್ನುವುದು 2017ರಲ್ಲಿ ಒಂದು ಕೇಸಿನಲ್ಲಿ, ಅದೂ ಹೆಂಡತಿಯ ಜೀವನಾಂಶದ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಮಾತು.

ನಿಜವಾಗಿ ಕೆಲಸಕ್ಕೆ ಬರುವುದು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದು ಕೊಡಲೇಬೇಕು ಅಂತ ಅದು ಹೇಳಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು ಅಂತಲೂ ಹೇಳಿತು. ಹಾಗಾಗಿ ಕೇಸು ಎರಡು ವರ್ಷ ಎಳೆದರೂ ಆ ಎರಡು ವರ್ಷದ ಹಣ ಹೋಗುವುದಿಲ್ಲ. ಮಧ್ಯಂತರ ಜೀವನಾಂಶದ (ಕೇಸು ಮುಗಿಯುವವರೆಗೆ ಕೊಡುವ ಹಣದ) ಅರ್ಜಿಯನ್ನು, ನೋಟಿಸ್ ತಲುಪಿದ ಮೇಲೆ ಆದಷ್ಟು 60 ದಿನದಲ್ಲಿ ಮುಗಿಸಬೇಕು ಅಂತ ಕಾನೂನೇ ಹೇಳುತ್ತದೆ. ಮುಖ್ಯ ಕೇಸಿನ ಜೊತೆಗೇ ಆ ಅರ್ಜಿಯನ್ನೂ ಹಾಕಿ.

ನೀವು ತರಬೇಕಾದದ್ದು ಖರ್ಚಿನ ಲೆಕ್ಕ. ಶಾಲೆಯ ಫೀ ರಸೀದಿ, ವ್ಯಾನು, ಟ್ಯೂಷನ್, ಆಸ್ಪತ್ರೆ ಚೀಟಿ, ಬಟ್ಟೆ, ಬಾಡಿಗೆಯಲ್ಲಿ ಮಗುವಿನ ಪಾಲು. 'ತಿಂಗಳಿಗೆ ಇಪ್ಪತ್ತು ಸಾವಿರ ಬೇಕು' ಅಂತ ಬಾಯಲ್ಲಿ ಹೇಳುವುದಕ್ಕೂ ಹನ್ನೊಂದು ಸಾವಿರಕ್ಕೆ ರಸೀದಿ ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ನಾನೂ ದುಡಿಯುತ್ತೇನೆ. ಆದರೂ ಕೇಳಬಹುದಾ?

ಕೇಳಬಹುದು. ಮಗು ಇಬ್ಬರದ್ದು. ನಿಮ್ಮ ಆದಾಯ ಚೆನ್ನಾಗಿದ್ದರೆ ಕೋರ್ಟ್ ಖರ್ಚನ್ನು ಇಬ್ಬರ ಮೇಲೂ ಅವರವರ ಸಂಪಾದನೆಗೆ ತಕ್ಕಂತೆ ಹಂಚಬಹುದು.

ಆದೇಶ ಕೈಯಲ್ಲಿದೆ, ಹಣ ಬರುತ್ತಿಲ್ಲ. ಅವರು ಬೇರೆ ರಾಜ್ಯದಲ್ಲಿದ್ದಾರೆ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಜನ ಸೋತು ಕೂರುವ ಜಾಗ ಇದು. 'ಬೆಳಗಾವಿ ಕೋರ್ಟಿನ ಕಾಗದ ಪುಣೆಯಲ್ಲಿ ಯಾರು ಕೇಳ್ತಾರೆ' ಅಂತ ಗಂಡನ ಮನೆಯವರು ಹೆದರಿಸಿರುತ್ತಾರೆ. ಕೇಳುತ್ತಾರೆ. ಹಳೆಯ ಸಂಹಿತೆಯ 128ನೇ ಕಲಂ, ಈಗಿನ 147, ಸ್ಪಷ್ಟವಾಗಿದೆ: ಹಣ ಕೊಡಬೇಕಾದ ವ್ಯಕ್ತಿ ಎಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟ್ ಆ ಆದೇಶವನ್ನು ಜಾರಿ ಮಾಡಬಹುದು. ಇದು ಆ ವ್ಯಕ್ತಿಯೇ, ಹಣ ಬಂದಿಲ್ಲ ಅನ್ನುವುದು ನಿಜ, ಇವೆರಡು ಅವರಿಗೆ ಖಾತ್ರಿಯಾದರೆ ಸಾಕು. ಆದೇಶದ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು ಅಂತಲೂ ಅಲ್ಲೇ ಇದೆ.

ಒಂದು ವರ್ಷದ ಗಡುವನ್ನು ಮರೆಯಬೇಡಿ. ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅಮಲ್ಜಾರಿ ಅರ್ಜಿ (ಆದೇಶ ಜಾರಿ ಮಾಡಿಸಿ ಅಂತ ಕೇಳುವ ಅರ್ಜಿ) ಹಾಕದಿದ್ದರೆ, ಆ ಬಾಕಿಗೆ ಈ ಕಲಂ ಕೆಳಗೆ ವಾರಂಟ್ ಹೊರಡುವುದಿಲ್ಲ. ಮೂರು ನಾಲ್ಕು ತಿಂಗಳ ಬಾಕಿ ಆದ ಕೂಡಲೇ ಅರ್ಜಿ ಹಾಕಿ. ವಾರಂಟಿಗೂ ಕಟ್ಟದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅಂತಲ್ಲ. ಹಣ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಸಂಬಳದಾರರಾದರೆ ಜೈಲಿಗಿಂತ ಸಂಬಳ ಹಿಡಿಸುವುದು ಒಳ್ಳೆಯದು. ಜೈಲಿನಲ್ಲಿ ಕೂತವರು ದುಡಿಯುವುದಿಲ್ಲ, ಮಗುವಿನ ಫೀ ಕಟ್ಟುವ ದಿನ ಹತ್ತಿರ ಬರುತ್ತಿರುತ್ತದೆ. ಕೌಟುಂಬಿಕ ಹಿಂಸೆ ಕಾಯ್ದೆಯ 20ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ನೇರವಾಗಿ ಕಂಪನಿಗೇ 'ಸಂಬಳದಿಂದ ಇಷ್ಟು ಕೊಡಿ' ಅಂತ ಹೇಳಬಹುದು. ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸುವಾಗ, ಜೀವನಾಂಶದ ಬಾಕಿಗೆ ಸಂಬಳದ ಮೂರನೇ ಒಂದು ಭಾಗ ಬಿಟ್ಟು ಉಳಿದದ್ದನ್ನು ಹಿಡಿಸಬಹುದು. ಬೇರೆ ಸಾಲಗಳಿಗಿಂತ ಇಲ್ಲಿ ಹಿಡಿತ ಜಾಸ್ತಿ. ಹಾಗಾಗಿ ಅವರ ಈಗಿನ ವಿಳಾಸ, ಕಂಪನಿಯ ಹೆಸರು, ಬ್ಯಾಂಕ್ ಖಾತೆ ಗೊತ್ತಿದ್ದರೆ ಬರೆದಿಟ್ಟುಕೊಳ್ಳಿ. ಕೆಲಸ ಬದಲಿಸಿದ ಸುದ್ದಿ ಸಿಕ್ಕರೆ ಅದನ್ನೂ ಬರೆಯಿರಿ.

ಹಣ ಕೊಡದವರಿಗೆ ಮಗುವನ್ನು ಯಾಕೆ ತೋರಿಸಬೇಕು? ಮಗುವನ್ನು ತೋರಿಸದವರಿಗೆ ಹಣ ಯಾಕೆ ಕೊಡಬೇಕು?

ಎರಡೂ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಎರಡಕ್ಕೂ ನನ್ನ ಉತ್ತರ ಒಂದೇ: ಹಾಗೆ ಮಾಡಬೇಡಿ.

ಇವು ಎರಡು ಬೇರೆ ಬೇರೆ ವಿಷಯ. ಜೀವನಾಂಶ ಮಗುವಿನ ಹೊಟ್ಟೆಗೆ, ಓದಿಗೆ. ಭೇಟಿ ಮಗುವಿನ ಮನಸ್ಸಿಗೆ. ಎರಡೂ ಮಗುವಿಗೆ ಸೇರಬೇಕಾದದ್ದು, ಅಪ್ಪನದ್ದೂ ಅಲ್ಲ, ಅಮ್ಮನದ್ದೂ ಅಲ್ಲ. ಹಣ ನಿಂತರೆ ಅಮಲ್ಜಾರಿ ಅರ್ಜಿ ಹಾಕಿ. ಭೇಟಿ ನಿಂತರೆ ಭೇಟಿ ಆದೇಶ ಜಾರಿ ಮಾಡಿ ಅಂತ ಅರ್ಜಿ ಹಾಕಿ, ಬೇಕೆಂದೇ ಮುರಿಯುತ್ತಿದ್ದರೆ ನ್ಯಾಯಾಂಗ ನಿಂದನೆಯ ದಾರಿಯೂ ಇದೆ. ಒಂದನ್ನು ಅಡವಿಟ್ಟು ಇನ್ನೊಂದನ್ನು ಬಿಡಿಸಿಕೊಳ್ಳಲು ಹೋದವರು ಕೋರ್ಟಿನ ಮುಂದೆ ಸಣ್ಣವರಾಗುತ್ತಾರೆ.

ಫೀ ಕಟ್ಟಿಲ್ಲ ಅಂತ ತರಗತಿಯಲ್ಲಿ ಹೆಸರು ಕರೆಸಿಕೊಂಡ ಹುಡುಗಿ ಒಬ್ಬಳು ನನ್ನ ಮುಂದೆ ಕೂತು ಹೇಳಿದ್ದಳು, 'ನಾನು ಅಪ್ಪಾಜಿಗೆ ಫೋನ್ ಮಾಡಲಿಲ್ಲ ಅಂತ ಅವರು ದುಡ್ಡು ಕಳಿಸಿಲ್ಲ, ತಪ್ಪು ನಂದೇ.' ಅವಳಿಗೆ ಒಂಬತ್ತು ವರ್ಷ.

ನಾನು ಬೆಂಗಳೂರಿನಲ್ಲಿ, ಮಗು ಸಾಂಗ್ಲಿಯಲ್ಲಿ. ವಾರಕ್ಕೊಮ್ಮೆ ಭೇಟಿ ಆಗದ ಮಾತು. ಬೇರೆ ಏನು ಕೇಳಬಹುದು?

ವಿಡಿಯೊ ಕರೆ ಕೇಳಿ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಭೇಟಿಯ ಹಕ್ಕಿನಷ್ಟೇ ಸಂಪರ್ಕದ ಹಕ್ಕೂ ಮುಖ್ಯ, ಅದರಲ್ಲೂ ಅಪ್ಪ ಅಮ್ಮ ಬೇರೆ ರಾಜ್ಯ ಅಥವಾ ದೇಶದಲ್ಲಿದ್ದಾಗ, ಅಂತ ಹೇಳಿದೆ. ಕರೆಯ ದಿನ, ಹೊತ್ತು, ಯಾರ ಫೋನಿನಿಂದ ಅನ್ನುವುದು ಆದೇಶದಲ್ಲೇ ಬರಲಿ.

ರಜೆಗಳ ಬಗ್ಗೆ ಬರೆಯುವಾಗ ತುಂಬಾ ಹುಷಾರಾಗಿರಿ. 'ದಸರಾ ರಜೆಯಲ್ಲಿ ಮಗು ತಂದೆಯ ಬಳಿ' ಅಂತ ಬರೆದ ಆದೇಶ ನೋಡಿದ್ದೇನೆ. ಮಗು ಓದುತ್ತಿದ್ದದ್ದು ಮಹಾರಾಷ್ಟ್ರದ ಶಾಲೆಯಲ್ಲಿ. ಅಲ್ಲಿ ದೊಡ್ಡ ರಜೆ ದೀಪಾವಳಿಗೆ! ಬೇಸಿಗೆ ರಜೆಯೂ ಹಾಗೇ. ನಮ್ಮಲ್ಲಿ ಏಪ್ರಿಲ್, ಮೇ ಆದರೆ ಅಲ್ಲಿ ಜೂನ್ ಮಧ್ಯದವರೆಗೂ ನಡೆಯುತ್ತದೆ. ಕೇರಳದಲ್ಲಿ ಓಣಂ ರಜೆ ಇರುತ್ತದೆ. ಹಾಗಾಗಿ 'ಮಗು ಓದುವ ಶಾಲೆ ಪ್ರಕಟಿಸುವ ರಜೆಯಲ್ಲಿ ಮೊದಲ ಅರ್ಧ' ಅಂತ ಬರೆಸಿ. ಕರೆದುಕೊಂಡು ಹೋಗುವವರು ಯಾರು, ವಾಪಸ್ ಬಿಡುವವರು ಯಾರು, ಟಿಕೆಟ್ ಯಾರದ್ದು, ರೈಲು ತಡವಾದರೆ ಏನು, ಇವೂ ಇರಲಿ. 5ರಿಂದ 12 ವರ್ಷದ ಮಗುವಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ರೈಲಿನಲ್ಲಿ ಪೂರ್ತಿ ಟಿಕೆಟ್. ವರ್ಷಕ್ಕೆ ನಾಲ್ಕು ಸಲ ಹೋಗಿ ಬಂದರೆ ಅದೇ ದೊಡ್ಡ ಖರ್ಚು. ಇದರ ಮೇಲೆಯೇ ಎಷ್ಟೋ ಜಗಳ ಮತ್ತೆ ಶುರುವಾಗುತ್ತವೆ.

ಅಜ್ಜ ಅಜ್ಜಿಯರನ್ನೂ ಸೇರಿಸಿ. ಒಬ್ಬ ಅಜ್ಜಿ ಕಣ್ಣೀರು ಹಾಕಿದ್ದರು: 'ಮೊಮ್ಮಗ ಫೋನಿನಾಗ ಹಿಂದಿ ಮಾತಾಡ್ತಾನ್ರಿ, ನನಗ ತಿಳಿಯೂದಿಲ್ಲ.' ರಜೆಯ ಹದಿನೈದು ದಿನ ಮಗು ಅಜ್ಜಿ ಮನೆಯಲ್ಲಿ ಕನ್ನಡ ಕೇಳಿಕೊಂಡು ಓಡಾಡಿದರೆ ಆ ಮಾತು ಉಳಿಯುತ್ತದೆ.

ಸುಪರ್ದಿ ನನಗೆ ಸಿಕ್ಕಿದೆ. ಕೆಲಸಕ್ಕಾಗಿ ಚೆನ್ನೈಗೆ ಹೋಗಬೇಕು. ಹೋಗಬಹುದಾ?

ಮೊದಲು ನಿಮ್ಮ ಆದೇಶ ಓದಿ. 'ಕೋರ್ಟಿನ ಅನುಮತಿ ಇಲ್ಲದೆ ಹೊರಗೆ ಕರೆದೊಯ್ಯಬಾರದು' ಅಂತ ಇದ್ದರೆ ಅನುಮತಿ ಬೇಕೇ ಬೇಕು. ಇಲ್ಲದಿದ್ದರೂ, ನೀವು ಹೋದರೆ ಇನ್ನೊಬ್ಬರ ಭೇಟಿ ತಪ್ಪುತ್ತದೆ ಅಂತಾದರೆ ಮೊದಲೇ ಅರ್ಜಿ ಹಾಕಿ. ಹೊಸ ಕೆಲಸದ ಪತ್ರ, ಅಲ್ಲಿನ ಶಾಲೆ, ಮನೆ, ಮಗುವನ್ನು ನೋಡಿಕೊಳ್ಳುವವರು, ಭೇಟಿಗೆ ಬದಲಿ ಏರ್ಪಾಡು, ಇಷ್ಟನ್ನೂ ಜೊತೆಗೆ ಇಡಿ. ಸುಪರ್ದಿಯ ಆದೇಶ ಕಲ್ಲಿನ ಮೇಲಿನ ಬರಹ ಅಲ್ಲ. ಪರಿಸ್ಥಿತಿ ಬದಲಾದರೆ ಕೋರ್ಟ್ ಬದಲಿಸುತ್ತದೆ.

ಹಳೆ ಶಾಲೆಯಿಂದ ಟಿಸಿ ಕೊಡಿಸಲು ಅವರು ಬಿಡುತ್ತಿಲ್ಲ.

6ರಿಂದ 14 ವರ್ಷದ ಮಗುವಿಗೆ, ಟಿಸಿ ತಡವಾಯಿತು ಅಂತ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿಲ್ಲಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹಾಗೆ ಹೇಳುತ್ತದೆ. ಸುಮ್ನೆ ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

ಮಗುವನ್ನೇ ಕೇಳುತ್ತಾರಾ?

ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ಮಗುವಿನ ಇಷ್ಟಕ್ಕೆ ಬೆಲೆ ಇದೆ, ಆದರೆ ಅದೊಂದೇ ತೀರ್ಮಾನ ಅಲ್ಲ. ದಯವಿಟ್ಟು ಹಿಂದಿನ ರಾತ್ರಿ ಪಾಠ ಹೇಳಿಕೊಡಬೇಡಿ. ಮಗು ಹೇಳುತ್ತಿರುವುದು ತನ್ನ ಮಾತೋ, ಬಾಯಿಪಾಠವೋ ಅನ್ನುವುದು ಗೊತ್ತಾಗುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ 'ಮಗುವಿಗೆ ಏನೂ ಬೇಡ' ಅಂತ ಸಹಿ ಹಾಕಿಬಿಟ್ಟೆ.

ನಿಮ್ಮ ಹಕ್ಕನ್ನು ನೀವು ಬಿಟ್ಟುಕೊಡಬಹುದು. ಮಗುವಿನ ಹಕ್ಕನ್ನು ಬಿಟ್ಟುಕೊಡಲು ನಿಮಗೆ ಅಧಿಕಾರ ಇಲ್ಲ. ಮಗುವಿನ ಹೆಸರಿನಲ್ಲಿ ಅರ್ಜಿ ಹಾಕಬಹುದು.

ಬೇರೆ ಧರ್ಮದವರಿಗೂ ಇದು ಅನ್ವಯ ಆಗುತ್ತದಾ? 18 ಆದ ಮೇಲೆ?

144ನೇ ಕಲಂನ ಜೀವನಾಂಶ ಎಲ್ಲ ಧರ್ಮದವರಿಗೂ ಒಂದೇ. ಮದುವೆಯಾಗದ ತಂದೆ ತಾಯಿಯ ಮಗುವಿಗೂ ಇದೆ. ಸುಪರ್ದಿಯಲ್ಲಿ ವೈಯಕ್ತಿಕ ಕಾನೂನು ಬೇರೆ ಬೇರೆ, ಗೋವಾದ ಕೌಟುಂಬಿಕ ಕಾನೂನಂತೂ ಪೂರ್ತಿ ಬೇರೆ. 18 ಆದ ಮೇಲೆ ದುಡಿಯಲಾಗದ ಅಂಗವೈಕಲ್ಯ ಇರುವ ಮಕ್ಕಳಿಗೆ ಜೀವನಾಂಶ ಮುಂದುವರಿಯುತ್ತದೆ. ಹಿಂದೂ ಕಾಯ್ದೆಯಲ್ಲಿ, ತನ್ನ ಸಂಪಾದನೆ ಇಲ್ಲದ ಮದುವೆಯಾಗದ ಮಗಳೂ ಕೇಳಬಹುದು.

ನಾವು ಅಮೆರಿಕದಲ್ಲಿದ್ದೇವೆ. ಅವರು ನ್ಯೂಜೆರ್ಸಿ, ನಾನು ಟೆಕ್ಸಾಸ್.

ಅಲ್ಲಿ ಮಗುವಿನ 'ಮನೆ ರಾಜ್ಯ' ಅನ್ನುವ ಲೆಕ್ಕ ಇದೆ. ಕೇಸು ಹಾಕುವ ಮುಂಚಿನ ಆರು ತಿಂಗಳು ಮಗು ಯಾವ ರಾಜ್ಯದಲ್ಲಿತ್ತೋ, ಸುಪರ್ದಿಯ ಕೇಸಿಗೆ ಆ ರಾಜ್ಯದ್ದೇ ಮೊದಲ ಅಧಿಕಾರ. ಮಗುವಿನ ಹಣದ ಆದೇಶವನ್ನು ನೇರವಾಗಿ ಬೇರೆ ರಾಜ್ಯದ ಕಂಪನಿಗೆ ಕಳಿಸಿ ಸಂಬಳದಿಂದ ಹಿಡಿಸಬಹುದು. ಮಗುವನ್ನು ಕರೆದುಕೊಂಡು ಭಾರತಕ್ಕೆ ಬಂದುಬಿಡುವ ಯೋಚನೆ ಇದ್ದರೆ, ಟಿಕೆಟ್ ತೆಗೆಯುವ ಮುಂಚೆ ಅಲ್ಲಿನ ವಕೀಲರನ್ನು ನೋಡಿ. ಬೇರೆ ದೇಶಕ್ಕೆ ಕರೆದುಕೊಂಡು ಹೋದ ಮಗುವನ್ನು ವಾಪಸ್ ಕಳಿಸುವ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ನಿಜ. ಆದರೆ ಅಲ್ಲಿ ಆದೇಶ ಮುರಿದರೆ ಬಂಧನದ ವಾರಂಟ್ ಆಗಬಹುದು, ಆಮೇಲೆ ವಾಪಸ್ ಹೋಗುವುದು ಕಷ್ಟ.

ವಕೀಲರಿಗೆ ಕೊಡಲು ಹಣ ಇಲ್ಲ.

ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.

ಮೊದಲ ದಿನ ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಆಧಾರ್, ಮದುವೆಯ ಫೋಟೊ ಅಥವಾ ನೋಂದಣಿ ಪತ್ರ, ಶಾಲೆಯ ಗುರುತಿನ ಚೀಟಿ, ಫೀ ರಸೀದಿಗಳು, ಇನ್ನೊಂದು ಊರಿನ ಕೋರ್ಟಿನಿಂದ ಬಂದ ಯಾವುದೇ ಕಾಗದ ತೆಗೆದುಕೊಂಡು ಹೋಗಿ. ಕಾಗದದಲ್ಲಿ 16 ಅಕ್ಷರ–ಅಂಕಿಗಳ ಸಿಎನ್‌ಆರ್ ನಂಬರ್ (ಕೇಸಿನ ಗುರುತಿನ ಸಂಖ್ಯೆ) ಇದ್ದರೆ, ಆ ಊರಿಗೆ ಹೋಗದೆಯೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ಯಾವಾಗ ಅಂತ ಪ್ರಾಧಿಕಾರದ ಕಚೇರಿಯಲ್ಲೇ ಕೂತು ನೋಡಿಕೊಡುತ್ತಾರೆ.